ಹೆಪ್ಪು ಹೊಸ್ತಿಲು ದಾಟುವ ಹೊತ್ತು

ಆ ಬೆಳಿಗ್ಗೆ ಮಂಜು ಬಿದ್ದಿತ್ತು. ಸಿಂಧನೂರಿನ ಕಾಲುವೆ, ಗದ್ದೆ, ರಸ್ತೆ, ರೈಸ್ ಮಿಲ್ಲಿನ ಚಿಮಣಿ... ಎಲ್ಲವನ್ನೂ ಯಾರೋ ಒಂದೇ ಹಾಲಿನ ಗಡಿಗೆಯಲ್ಲಿ ಅದ್ದಿ ಇಟ್ಟಂತಿತ್ತು.

ಆ ಹಾಲಿನೊಳಗಿಂದ ಭತ್ತ ಕೊಯ್ಯುವ ಮಷಿನ್ ಒಂದು ನನ್ನ ಮೇಲೆಯೇ ಬರುತ್ತಿತ್ತು!

ಮೊದಲು ಸದ್ದು. ಆಮೇಲೆ ಹೆಡ್‌ಲೈಟು. ಆಮೇಲೆ ಹಲ್ಲು... ಗಿರಗಿರ ತಿರುಗುವ ಕಬ್ಬಿಣದ ಹಲ್ಲು.

ನಾನು ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಗದ್ದೆಯಲ್ಲಿದ್ದೆ. ಆರದ ಕೆಸರು ನನ್ನ ಕಾಲನ್ನು ಅತ್ತೆಮನೆಯವರ ಹಾಗೆ ಹಿಡಿದುಕೊಂಡಿತ್ತು. ಬಿಡುತ್ತಲೇ ಇರಲಿಲ್ಲ.

"ಗದ್ದೆಪ್ಪಾ! ಮನೀಗಿ ಹೋಗಲೇ! ಇಲ್ಲಾಂದ್ರ ಹುಲ್ಲಿನ ಜೋಡಿ ನಿನ್ನೂ ಪೆಂಡಿ ಕಟ್ಟತೀನಿ!"

ಮಷಿನ್ ಮೇಲಿಂದ ಕೂಗಿದವನು ಮೌಲಾಹುಸೇನ. ಮಸ್ಕಿಯ 'ಡಾಕ್ಟರ್' ಪಂಪಾಪತಿಯ ಬಲಗೈ. ಎಡಗೈಯೂ ಅವನೇ.

ಅಮ್ಮಾ ಅಂಬಾದೇವಿ ಎಂದೆ. ದೇವಿ ಕಿವುಡಿಯಲ್ಲ... ಆದರೆ ಕಾಲು ನಾವೇ ಎತ್ತಬೇಕು.

ಎತ್ತಿದೆ! ಬೂಟು ಕೆಸರಿಗೇ ಬಿಟ್ಟೆ. ಬದುವಿನ ಆಚೆ ಉರುಳಿದೆ. ಮಷಿನ್ನಿನ ಮೂತಿ ಬದುವಿಗೆ ಹೊಕ್ಕು ನಿಂತಿತು. ಮೌಲಾಹುಸೇನ ಗೇರ್ ಹುಡುಕುವಷ್ಟರಲ್ಲಿ ನಾನು ಮೇಲೆ ಹತ್ತಿ ಕೀ ಕಿತ್ತುಕೊಂಡಿದ್ದೆ.

ಕೀ ಕಿತ್ತುಕೊಳ್ಳುವುದು ನನ್ನ ಕಸುಬು ಕಣ್ರೀ. ಕಂತು ನಿಂತ ಟ್ರ್ಯಾಕ್ಟರು, ಟಿಪ್ಪರು, ಜೀಪು... ಫೈನಾನ್ಸ್‌ನವರು ಹೇಳಿದ್ದನ್ನು ಸೀಜ್ ಮಾಡಿ ತರುತ್ತೇನೆ. ಮೂರು ತಾಲೂಕಿನಲ್ಲಿ ನನಗೆ ಚಹಾ ಕೊಡುವ ಮನೆಯಿಲ್ಲ. ಶಾಪ ಕೊಡದ ಮನೆಯೂ ಇಲ್ಲ.

"ಕೀ ಕೊಡಲೇ!"

"ತಗೋ."

ಕಾಲುವೆಗೆ ಎಸೆದೆ. ಅವನು ಈಜಲು ಇಳಿದ. ನಾನು ಬರಿಗಾಲಲ್ಲಿ ಓಡಿದೆ.

ನಾನು ಅಲ್ಲಿಗೆ ಯಾಕೆ ಹೋದೆ ಅಂತೀರಾ? ಹಿಂದಿನ ಸಂಜೆಯ ಕತೆ ಕೇಳಿ.

ಸಿಂಧನೂರಿನಲ್ಲಿ ಅತೀಯಾ ಎಂಬ ಬಸ್ ಕಂಡಕ್ಟರ್ ಇದ್ದಳು. ಚಿಲ್ಲರೆ ಕೊಡದವನನ್ನು ಕಣ್ಣಿನಲ್ಲೇ ಕೆಳಗಿಳಿಸುತ್ತಿದ್ದಳು. ರಂಜಾನಿಗೆ ಮುಂಚೆ ಮನೆಗೆ ಬಳಿಯಲು ಡ್ರಮ್ಮಿನಲ್ಲಿ ಸುಣ್ಣ ಅರಳಿಸುವಾಗ ಅದು ಕುದಿದು ಮುಖಕ್ಕೆ ಸಿಡಿಯಿತು. ಒಂದು ಕಣ್ಣು ಪೂರ್ತಿ ಹೋಯಿತು. ಇನ್ನೊಂದರ ಮೇಲೆ ಬಿಳಿ ಪೊರೆ.

ಲಿಂಗಸುಗೂರಿಗೆ ಬಂದು ಆಪರೇಷನ್ ಮಾಡುವ ಡಾಕ್ಟರ್ ಅನುಪಮಾ ಕಳೆದ ಗಾಡಿ ಹುಡುಕುವವನು ನಾನೆಂದು ಕೇಳಿ, ಫೋನಿನಲ್ಲಿ ನನಗೆ ತಿಳಿಸಿ ಹೇಳಿದರು. "ಕರಿಗುಡ್ಡೆಯ ಸುತ್ತ, ಅಂಚಿನಲ್ಲಿ, ಸ್ಟೆಮ್ ಸೆಲ್ಸ್ ಇರುತ್ತವೆ. ಕಣ್ಣಿನ ಪದರ ಸವೆದ ಹಾಗೆಲ್ಲ ಹೊಸದು ಹುಟ್ಟುವುದು ಅಲ್ಲಿಂದಲೇ. ಸುಣ್ಣ ಆ ತವರನ್ನೇ ಸುಟ್ಟಿದೆ. ಒಂದು ಮೂಲೆಯಲ್ಲಿ ಅಕ್ಕಿಕಾಳಿನ ಮೂತಿಯಷ್ಟು ಜೀವ ಉಳಿದಿತ್ತು. ಅದನ್ನು ತೆಗೆದು ಹೈದರಾಬಾದಿನ ಲ್ಯಾಬಿನಲ್ಲಿ ಬೆಳೆಸಿದ್ದೇವೆ. ಯಾರೋ ಬಾಣಂತಿ ದಾನ ಕೊಟ್ಟ ಮಾಸದ ಪೊರೆಯ ಮೇಲೆ."

"ಮತ್ತ ಈಗ?"

"ಅದನ್ನಿಟ್ಟ ಬಾಕ್ಸ್ ಒಂದು ಕಾರಿನಲ್ಲಿ ಬರುತ್ತಿತ್ತು. ಸಿಂಧನೂರಿನಲ್ಲಿ ಕಾಣೆಯಾಗಿದೆ. ಡ್ರೈವರ್ ಕೂಡ."

"ಇನ್ನೊಮ್ಮಿ ಬೆಳಸ್ರೀ."

"ತೆಗೆಯೋಕೆ ಅಲ್ಲಿ ಏನೂ ಉಳಿದಿಲ್ಲ ಗದ್ದೆಪ್ಪ. ನಾಳೆ ರಾತ್ರಿ ಊಟದ ಹೊತ್ತಿನೊಳಗೆ ಬೇಕು. ಫ್ರೀಜರ್ ಸೇರಿದರೆ ಸತ್ತುಹೋಗುತ್ತೆ. ಬಾಕ್ಸಿನ ಮೇಲೆ ಚಿಕ್ಕ ಲೈಟ್ ಇದೆ. ಹಸಿರಿದ್ದರೆ ತನ್ನಿ. ಕೆಂಪಾಗಿದ್ದರೆ... ಬರಬೇಡಿ."

ಅತೀಯಾಳ ಮನೆಗೆ ಹೋದೆ. ಬಾಗಿಲಲ್ಲಿ ಕೂತಿದ್ದಳು. ನನ್ನ ಹೆಜ್ಜೆಯ ಸದ್ದಿಗೇ ಮುಖ ಗಂಟು ಹಾಕಿದಳು.

"ನೀನ ಏನು, ಮಂದಿ ಅಂಗಳದಾಗಿನ ಗಾಡಿ ಎಳಕೊಂಡು ಹೋಗಾಂವ?"

"ಹೌದು."

"ಇಷ್ಟು ದಿನ ಒಯ್ದೀ. ಒಮ್ಮೆರೆ ತಂದು ಕೊಡು ನೋಡೋಣು!"

ಅಷ್ಟೇ. ಅಳಲಿಲ್ಲ, ಕೈ ಮುಗಿಯಲಿಲ್ಲ. ನನಗೆ ಬೈಗುಳ ಹೊಸದಲ್ಲ. ಆದರೆ ಇದು ಒಳಗೆ ಹೋಗಿ ಕೂತುಬಿಟ್ಟಿತು... ಎಬ್ಬಿಸಿದರೂ ಏಳಲಿಲ್ಲ.

ಕಾಣೆಯಾದ ಕಾರು ಕ್ಯಾಂಪಿನ ಕಡೆ ಹೋಯಿತೆಂದು ರಾತ್ರಿ ಸುಳಿವು ಸಿಕ್ಕಿತು. ಈಗ ಮತ್ತೆ ಗದ್ದೆಗೆ ಬನ್ನಿ.

ಕ್ಯಾಂಪಿನ ಬಂಗಾಳಿ ಮುದುಕಿಯೊಬ್ಬಳು ಅಂಗಳ ಗುಡಿಸುತ್ತಿದ್ದಳು. ನಾನು ಕೇಳುವ ಮೊದಲೇ ಹುಲ್ಲಿನ ಬಣವೆಯ ಕಡೆ ಗದ್ದ ಎತ್ತಿ ತೋರಿಸಿ ಗುಡಿಸುತ್ತಲೇ ಹೋದಳು. ಬಣವೆಯಿಂದ ಒಂದು ಚಪ್ಪಲಿ ಹೊರಗೆ ಕಾಣುತ್ತಿತ್ತು. ಚಪ್ಪಲಿ ಹಿಡಿದು ಎಳೆದೆ. ಡ್ರೈವರ್ ಲಕ್ಷ್ಮಣ ಹೊರಗೆ ಬಂದ.

"ಹೊಡೀಬ್ಯಾಡ್ರೀ!"

"ಹೊಡೆಯಲ್ಲ. ಬಾಕ್ಸ್ ಎಲ್ಲಿ?"

"ಚಾದಂಗಡ್ಯಾಗ ಬಾಯಿ ಬಿಟ್ಟೆ ರೀ... ಸ್ಟೆಮ್ ಸೆಲ್ ಒಯ್ಯಾಕತ್ತೀನಿ ಅಂತ. ಮೌಲಾಹುಸೇನ ಬಾಜೂಕ ಕೂತಿದ್ದ. ಕಸಗೊಂಡ. ಆಮ್ಯಾಲ ನನ್ನ ಇಲ್ಲಿ ತಂದು ಇಟ್ಟಾನ. ಬಾಯಿ ಬಿಟ್ರ ಕಾಲುವಿಗೆ ಹಾಕ್ತೀನಿ ಅಂದಾನ."

"ಕಾಲುವಿಯೊಳಗ ಈಗ ಅವನ ಅದಾನ. ನೀ ಊರಿಗೆ ಓಡು."

ನಾನು ಮಸ್ಕಿಯ ರಸ್ತೆಗೆ ಬೈಕ್ ಹತ್ತಿಸಿದೆ.

'ಪಂಪಾ ಸ್ಟೆಮ್ ಸೆಲ್ ಸೆಂಟರ್.' ಬೋರ್ಡಿನ ಮೇಲೆ ಮುದುಕನೊಬ್ಬ ಜಿಂಕೆಯಂತೆ ಹಾರುತ್ತಿದ್ದ. ಬೋರ್ಡಿನ ಕೆಳಗೆ ಸಾಲು ಹಿಡಿದಿದ್ದ ಮುದುಕರು ಮಾತ್ರ ಗೋಡೆ ಹಿಡಿದು ನಿಂತಿದ್ದರು.

ಪಂಪಾಪತಿ ಮೊದಲು ಕಾಂಪೌಂಡರ್. ಬೇರೆಯವರ ಸೂಜಿ ತೊಳೆಯುತ್ತಿದ್ದ. ಈಗ ಬಿಳಿ ಕೋಟು, ಕೈಗೆ ಗ್ಲೌಸು, ಹಣೆಗೆ ವಿಭೂತಿ.

"ಬಾರಪಾ ಗದ್ದೆಪ್ಪ. ಮಣಕಾಲು ನೋಯ್ತಾವೇನು?"

"ಕಣ್ಣು ಬೇಕಾಗಿತ್ತು."

ಅವನ ನಗೆ ಹೋಗಲಿಲ್ಲ. ಒಣಗಿತು, ಅಷ್ಟೇ.

"ಯಾರ ಕಣ್ಣು?"

"ಕಂಡಕ್ಟರ್ ಅತೀಯಾಂದು. ನೀ ಕದ್ದದ್ದು."

"ಏ... ಇಲ್ಲಿ ಬೇಕಾದಷ್ಟು ಸ್ಟೆಮ್ ಸೆಲ್ ಐತಿ. ಮತ್ತೊಬ್ಬರದು ನನಗ್ಯಾಕಲೇ?"

ಟೇಬಲ್ ಮೇಲೆ ಪುಟ್ಟ ಬಾಟಲಿಗಳಿದ್ದವು. ಒಂದನ್ನು ಎತ್ತಿ, ಮುಚ್ಚಳ ಕಿತ್ತು, ಬಾಯಿಗೆ ಸುರಿದುಕೊಂಡೆ!

ಸಾಲಿನಲ್ಲಿದ್ದ ಮುದುಕಿಯೊಬ್ಬಳು ಚೀರಿದಳು. "ಯವ್ವಾ! ನನ್ನ ಔಷಧ ಕುಡದಾ!"

"ಗ್ಲೂಕೋಸ್ ನೀರು ಆಯೀ," ಎಂದೆ. "ಸಿಹಿ ಐತಿ. ಮನ್ಯಾಗ ಶರಬತ್ ಮಾಡ್ಕೊಂಡು ಕುಡಿ."

ಆಗಲೇ ಪಂಪಾಪತಿಯ ಫೋನ್ ಬಡಿದುಕೊಂಡಿತು. ಗ್ಲೌಸಿನ ಕೈ... ಮೊಣಕೈಯಿಂದ ಒತ್ತಿದ. ಸ್ಪೀಕರ್ ಆನ್ ಆಯಿತು.

ಹೆಂಡತಿ ದೀಪಾಳ ದನಿ. "ರೀ, ಆ ಡಬ್ಬಿ ಅತ್ತಿ ಫ್ರಿಜ್‌ನಾಗ ಇಡಗೊಡವಲ್ರು! ಅಲ್ಲಿ ಮಲ್ಲಯ್ಯನ ಅಭಿಷೇಕದ ಹಾಲು ಐತಂತ. ಮೈಲಿಗಿ ಆಗ್ತೈತಂತ."

"ಫ್ರೀಜರ್‌ನಾಗ ಇಡು ಅಂದ್ರ ಇಡು! ಅವ್ವಗ ಸಂಜಿಗೆ ನಾನ ಬಂದು ಚುಚ್ಚತೀನಿ!"

ಫೋನ್ ಸತ್ತಿತು.

"ಊರಿಗೆಲ್ಲ ಗ್ಲೂಕೋಸು," ಎಂದೆ. "ಅವ್ವಗ ಮಾತ್ರ ಅಸಲಿ!"

"ಹಿಡೀರಲೇ ಇವನ್ನ!"

ಅವನ ಆಳುಗಳು ಹಿಂದಿನ ಬಾಗಿಲಿಂದ ಬಂದರು. ಒಬ್ಬನ ರಾಡು ನನ್ನ ಭುಜಕ್ಕೆ ಬಿತ್ತು. ಭುಜ ಹೋಯಿತು ಅಂದುಕೊಂಡೆ. ಇನ್ನೊಬ್ಬನ ಮುಷ್ಟಿ ತುಟಿ ಸೀಳಿತು. ನಾನು ಟೇಬಲ್ ಉರುಳಿಸಿದೆ. ಬಾಟಲಿಗಳು ಒಡೆದು ನೆಲವೆಲ್ಲ ಸಿಹಿ ಅಂಟು. ಅವರು ಜಾರಿದರು. ನನ್ನದು ಬರಿಗಾಲು... ಜಾರಲಿಲ್ಲ. ಬೂಟು ತಿಂದ ಕೆಸರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಬೈಕ್! ಕಿಕ್! ಹಿಂದೆ ಜೀಪು!

ನೇರ ಪಂಪಾಪತಿಯ ಮನೆಗೆ ಹೋದರೆ ಅವರೂ ನನ್ನ ಬೆನ್ನಿಗೇ ಬರುತ್ತಾರೆ. ಅದಕ್ಕೆ ಸಂತೆಕಲ್ಲೂರಿನ ದಾರಿ ಹಿಡಿದೆ. ಜೀಪು ಹಿಂದೆಯೇ ಬಂತು. ತಿರುವಿನಲ್ಲಿ ಒಮ್ಮೆ ನನ್ನ ಹಿಂದಿನ ಚಕ್ರಕ್ಕೆ ಮುತ್ತಿಟ್ಟಿತು. ನಾನು ರಸ್ತೆ ಬಿಟ್ಟು ಜೋಳದ ಹೊಲಕ್ಕೆ ನುಗ್ಗಿದೆ. ಬೈಕ್ ಮಲಗಿಸಿದೆ. ಹತ್ತು ಸಾಲು ಆಚೆ ತೆವಳಿ ನಾನೂ ಮಲಗಿದೆ. ತೆನೆಗಳ ಮೇಲೆ ಗಾಳಿ ಓಡಾಡುತ್ತಿತ್ತು. ಅವರು ಬೈಯುತ್ತ ಹುಡುಕಿದರು, ಸುಸ್ತಾದರು, ಮತ್ತೆ ಬೈದರು. ಮೋಡದ ಕೆಳಗೆ ಹದ್ದೊಂದು ಸುಮ್ಮನೆ ಸುತ್ತುತ್ತಿತ್ತು. ನಮ್ಮೆಲ್ಲರಿಗಿಂತ ಅದಕ್ಕೇ ಹೆಚ್ಚು ಸಮಾಧಾನ.

ಕೊನೆಗೆ ಬೈಕಷ್ಟೇ ಸಿಕ್ಕಿತು; ಅದರ ಟೈರು ಕೊಯ್ದು ಬದುವಿನ ಮೇಲೆ ಕಾವಲು ಕೂತರು. ನಾನು ಸಾಲಿನೊಳಗೆ ತೆವಳಿ ಆಚೆ ರಸ್ತೆ ಸೇರಿದೆ. ಮಂದಿಯ ಗಾಡಿ ಎಳೆಯುವವನು ತನ್ನ ಗಾಡಿ ಬಿಟ್ಟು ತೊಗರಿ ಚೀಲದ ಮೇಲೆ ಕೂತು ಶೇರ್ ಆಟೋದಲ್ಲಿ ಮಸ್ಕಿಗೆ ಮರಳಿದ! ಪಕ್ಕದ ಹೆಂಗಸು ನನ್ನ ಒಡೆದ ತುಟಿ ನೋಡಿ, ಗುರುತು ಹಿಡಿದು, ಖುಷಿಪಟ್ಟಳು. "ಚಲೋ ಆತು," ಎಂದಳು.

ಮಲ್ಲಯ್ಯನ ಗುಡ್ಡದ ಬುಡದಲ್ಲಿ ಪಂಪಾಪತಿಯ ಮನೆ. ಹೊತ್ತು ಮುಳುಗಿತ್ತು. ಬಾಗಿಲು ತೆಗೆದೇ ಇತ್ತು... ದೀಪದ ಹೊತ್ತಿಗೆ ಯಾರೂ ಬಾಗಿಲು ಹಾಕುವುದಿಲ್ಲ.

ಒಳಗೆ ಜೋಗಮ್ಮ ಕೂತಿದ್ದಳು. ಪಂಪಾಪತಿಯ ತಾಯಿ. ಎರಡೂ ಮಂಡಿ ಕುಂಬಳಕಾಯಿಯಂತೆ ಬಾತಿದ್ದವು. ದೇವರ ಗೂಡಿನ ಮುಂದೆ ಸೊಸೆ ದೀಪಾ, ಕೈಯಲ್ಲಿ ಕಡ್ಡಿಪೆಟ್ಟಿಗೆ. ದೇವರ ದೀಪಕ್ಕೆ ಮೊದಲು ಆ ಮನೆಯಲ್ಲಿ ಬಲ್ಬೂ ಹಾಕುತ್ತಿರಲಿಲ್ಲ.

ಬಾಕ್ಸ್? ಜೋಗಮ್ಮನ ಪಕ್ಕದಲ್ಲೇ! ಜೋಳ ತುಂಬಿಟ್ಟ ಗುಮ್ಮಿಗೆ ಒರಗಿಸಿಟ್ಟಿದ್ದಳು. ಫ್ರೀಜರ್ ಸೇರಿರಲಿಲ್ಲ. ಲೈಟ್ ಗೋಡೆಯ ಕಡೆ ತಿರುಗಿತ್ತು. ಹಸಿರೋ ಕೆಂಪೋ ಕಾಣಲಿಲ್ಲ.

"ಯಾವನಲೇ ನೀ?" ಎಂದಳು ಜೋಗಮ್ಮ. "ರಕ್ತ ಸೋರ್‍ಸಕೋತ ಬಂದೀ!"

"ಆ ಡಬ್ಬಿ ಕೊಡ್ರೆವ್ವಾ. ಅದು ನಿಮ್ಮದಲ್ಲ."

"ನನ್ನ ಮಗ ತಂದಾನ. ನನ್ನ ಮಣಕಾಲಿಗಿ."

"ಅದರಾಗ ಇರೋದು ಒಬ್ಬಾಕಿ ಕಣ್ಣು. ಸುಣ್ಣ ಸಿಡಿದು ಸುಟ್ಟ ಕಣ್ಣಿನಾಗ ಉಳಿದಷ್ಟು ಚೂರು ತಗದು ಬೆಳಿಸ್ಯಾರ." ಹೇಗೆ ಹೇಳಲಿ? ಗೂಡಿನ ಪಕ್ಕದಲ್ಲಿ ಹಾಲಿನ ಗಡಿಗೆ ಕಂಡಿತು. "ಹೆಪ್ಪು ಇದ್ದಂಗ ಯವ್ವಾ. ಹನಿ ಹೆಪ್ಪು ಗಡಿಗಿ ಹಾಲನ್ನ ಮೊಸರು ಮಾಡ್ತೈತಲ್ಲ, ಹಂಗ. ಆದ್ರ ಆಕಿ ಹೆಪ್ಪು ಆಕಿ ಕಣ್ಣಿಗೇ ಆಗೂದು. ನಿಮ್ಮ ಮಂಡ್ಯಾಗ ಹಾಕಿದ್ರ ಮಂಡೀನೂ ಇಲ್ಲ, ಕಣ್ಣೂ ಇಲ್ಲ."

ಜೋಗಮ್ಮನ ಮುಖ ಬದಲಾಯಿತು.

"ಹೆಪ್ಪಾ?"

ಆ ಕ್ಷಣ ನನಗೆ ನನ್ನ ತಪ್ಪು ಗೊತ್ತಾಯಿತು. ನಮ್ಮ ಕಡೆ ದೀಪ ಹಚ್ಚಿದ ಮೇಲೆ ಹೆಪ್ಪು ಕೊಡುವುದಿಲ್ಲ. ಮಗು ಹಸಿದಿದ್ದರೂ ಇಲ್ಲ, ಅರಸ ಕೇಳಿದರೂ ಇಲ್ಲ. ಬೆಳಗಾಗುವ ತನಕ ಹೆಪ್ಪು ಹೊಸ್ತಿಲು ದಾಟದು. ಬೆಳಗಾದರೆ ಅತೀಯಾಳ ಕಣ್ಣು ಹೋದಂತೆಯೇ!

ದೀಪಾ ಕಡ್ಡಿಯನ್ನು ಪೆಟ್ಟಿಗೆಗೆ ತಾಗಿಸಿದ್ದಳು...

"ಕಡ್ಡಿ ಗೀರಬ್ಯಾಡ!"

ಕೂಗಿದ್ದು ನಾನಲ್ಲ. ಜೋಗಮ್ಮ.

ಹೊರಗೆ ಜೀಪು ನಿಂತಿತು. ಪಂಪಾಪತಿ ಒಳಗೆ ನುಗ್ಗಿದ. ಹಿಂದೆ ಮೌಲಾಹುಸೇನ, ಇನ್ನೂ ಕಾಲುವೆಯ ವಾಸನೆ. ಅವನ ಕೈಯ ರಾಡು ಮೇಲೆದ್ದಿತು. ಕತ್ತಲಲ್ಲಿ ಪಂಪಾಪತಿ ಮೊಬೈಲ್ ಟಾರ್ಚ್ ಹಾಕಿದ.

"ಆರಿಸಲೇ!" ಎಂದಳು ತಾಯಿ.

"ಯವ್ವಾ, ಇದು ಟಾರ್ಚಬೇ..."

"ಬೆಳಕು ಅಂದ್ರ ಬೆಳಕು! ಆರಿಸು!"

ಆರಿಸಿದ. ರಾಡು ಮೇಲೆಯೇ ನಿಂತಿತ್ತು.

"ಪಂಪ್ಯಾ, ಮಂದಿಗೆ ದಿನಾ ಚುಚ್ಚತೀಯಲ್ಲ, ಅದನ್ನ ನನಗ್ಯಾಕ ಚುಚ್ಚಲಿಲ್ಲ?"

ಅವನ ಹೆಜ್ಜೆ ಬಾಕ್ಸಿನ ಕಡೆ ಸರಿಯಿತು.

"ಹೇಳಲೇ."

"ಅದು... ನಿನಗ ಬ್ಯಾಡಬೇ. ನಿನಗ ಅಂತ ಅಸಲಿ ತಂದೀನಿ."

"ಹಂಗಾರ ಅದು?"

ಬಾಗಿಲ ಬಳಿ ಮೌಲಾಹುಸೇನನ ರಾಡು ಮೆಲ್ಲಗೆ ಕೆಳಗಿಳಿದ ಸದ್ದು. ಕ್ಲಿನಿಕ್ಕಿನ ಸಾಲಿನಲ್ಲಿ ಅವನ ಅಜ್ಜಿ ಚಾಂದ್‌ಬೀ ಕೂಡ ನಿಲ್ಲುತ್ತಿದ್ದಳಂತೆ. ನನಗೆ ಆಮೇಲೆ ಗೊತ್ತಾಯಿತು. ಅವಳಿಗೆ ಚುಚ್ಚಿದ್ದು ಬರೀ ನೀರೆಂದು ಅವನಿಗೆ ಆಗಲೇ ಗೊತ್ತಾಯಿತು.

"ನಮ್ಮ ದಾದಿಗೂ ನೀರೇನು, ಡಾಕ್ಟ್ರ?" ಎಂದ. ಬಹಳ ಮೆತ್ತಗೆ.

ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಬಾಕ್ಸ್ ಊಟದ ಹೊತ್ತಿನೊಳಗೆ ಲಿಂಗಸುಗೂರು ಮುಟ್ಟಿತು, ಪಂಪಾಪತಿಯದೇ ಜೀಪಿನಲ್ಲಿ! ಓಡಿಸಿದವನು ಮೌಲಾಹುಸೇನ. ಡಾಕ್ಟರ್ ಅನುಪಮಾ ಆ ಪದರವನ್ನು ಅತೀಯಾಳ ಕಣ್ಣಿಗೆ ಹೊದಿಸಿದರು. ಈಗ ಅವಳಿಗೆ ಬಸ್ಸಿನ ಬಣ್ಣ ಕಾಣುತ್ತದೆ, ಬೋರ್ಡಿನ ಅಕ್ಷರ ಇನ್ನೂ ಮಬ್ಬು. ಡಾಕ್ಟರು ಕಾಯಿರಿ ಅನ್ನುತ್ತಾರೆ. ಕಾಯುತ್ತಿದ್ದಾಳೆ. ನನ್ನನ್ನು ನೋಡಿದರೆ ಈಗಲೂ ಮುಖ ಗಂಟು ಹಾಕುತ್ತಾಳೆ... ಆದರೆ ನೋಡಿ ಹಾಕುತ್ತಾಳೆ. ಪಂಪಾಪತಿ ಜೈಲಿನಲ್ಲಿದ್ದಾನೆ.

ಆದರೆ ನನ್ನ ಕಣ್ಣಿನಿಂದ ಹೋಗದೇ ಇರುವುದು ಆ ಹೊಸ್ತಿಲು.

ಜೋಗಮ್ಮ ಬಾಕ್ಸ್ ಎತ್ತಿಕೊಂಡಳು. ನಾನು ಕೈ ಚಾಚಿದೆ. ಕೊಡಲಿಲ್ಲ. ಹೊಸ್ತಿಲ ಮೇಲೆ ಕೊಡುವುದೂ ತಗೊಳ್ಳುವುದೂ ಇಲ್ಲ ಎಂದಳು. "ನೀ ಹೊರಗ ನಡಿ."

ಅಂಗಳದಲ್ಲಿ ನಿಂತೆ. ಅವಳು ಗೋಡೆ ಹಿಡಿದು ಬಂದಳು. ಮಗ ಆಸರೆಗೆ ಕೈ ಕೊಟ್ಟ. ಅವಳು ಅದನ್ನು ಹಿಡಿಯಲಿಲ್ಲ. ಒಂದು ಕಾಲು ಎತ್ತಿದಳು. ಹಲ್ಲು ಕಚ್ಚಿದ ಸದ್ದು ನನಗೆ ಕೇಳಿಸಿತು. ಇನ್ನೊಂದು ಕಾಲು. ದಾಟಿದಳು.

ನನ್ನ ಕೈಯಲ್ಲಿ ಬಾಕ್ಸ್ ಇಟ್ಟಳು. ಅದರ ಮೇಲೆ ಪುಟ್ಟ ಲೈಟು.

ಹಸಿರು.

"ನಿಮ್ಮ ಮಣಕಾಲು...?" ಎಂದೆ.

"ಬ್ಯಾನಿ ಐತಿ," ಎಂದಳು ಜೋಗಮ್ಮ. "ಆದ್ರ ಕದ್ದದ್ದಲ್ಲ."