ಅದಲುಬದಲಾದ ಎರಡು ಸಾಲು

ಕಂಪೈಲರ್ ಬದಲಾಯಿಸುವ ಕೆಲಸವನ್ನು ಮುಖ್ಯಸ್ಥರು ಅವಳಿಗೆ ಕೊಟ್ಟರು. ಅವನು ಎಲ್ಲರ ಜೊತೆ ಚಪ್ಪಾಳೆ ತಟ್ಟಿದ. ಹೊಟ್ಟೆ ಉರಿಯಬೇಕಿತ್ತು, ಉರಿಯಲಿಲ್ಲ. ಮನಸ್ಸು ಜೋಮು ಹಿಡಿದ ಕಾಲಿನಂತಿತ್ತು, ಅಷ್ಟೇ. ಕಂಪ್ಯೂಟರ್ ನಡೆಸುವ ಪ್ರೋಗ್ರಾಮುಗಳನ್ನೆಲ್ಲ ಒಟ್ಟುಮಾಡಿ ಆ ಕಚೇರಿ ಹಂಚುತ್ತಿದ್ದ ಲಿನಕ್ಸ್ ವಿತರಣೆಯಲ್ಲಿ ಹಳೆಯ ಪ್ರೋಗ್ರಾಮುಗಳು ಕೆಡದಂತೆ ಕಾಯುತ್ತಲೇ ಅವನ ತಲೆ ಬೆಳ್ಳಗಾಗಿತ್ತು. ಅವಳಿಗೆ ಕೆಲಸ ಕಲಿಸಿದವನೂ ಅವನೇ. ಇದು ಸುಸೂತ್ರವಾಗಿ ಮುಗಿದರೆ ಮುಂದಿನ ಮುಖ್ಯಸ್ಥೆ ಅವಳೇ ಎಂಬುದು ಕಚೇರಿಯ ಗೋಡೆಗಳಿಗೂ ಗೊತ್ತಿತ್ತು.

"ಅಣ್ಣಾ, ನೀವು ಪಕ್ಕದಲ್ಲಿದ್ರೆ ನಂಗೆ ಧೈರ್ಯ," ಎಂದಳು.

"ಇರ್ತೀನಿ ಬಿಡಮ್ಮ," ಎಂದ. ಪಕ್ಕದಲ್ಲಿ ಇರುವುದೇ ಅವನ ಉಪಾಯವಾಗಿತ್ತು.

ಮನುಷ್ಯರು ಬರೆದದ್ದನ್ನು ಯಂತ್ರಕ್ಕೆ ಅರ್ಥವಾಗುವ ಪ್ರೋಗ್ರಾಮನ್ನಾಗಿ ಮಾಡಿಕೊಡುವುದು ಕಂಪೈಲರ್. ಅದು ಬದಲಾದಾಗ ವಿತರಣೆಯಲ್ಲಿರುವುದನ್ನೆಲ್ಲ ಹೊಸದಾಗಿ ಕಟ್ಟುತ್ತಾರೆ. ಆ ಗದ್ದಲದಲ್ಲಿ, ಎಲ್ಲ ಪ್ರೋಗ್ರಾಮುಗಳೂ ನೆಚ್ಚಿಕೊಂಡ ಸಿದ್ಧ ಕೋಡಿನ ಒಂದು ಲೈಬ್ರರಿಯಲ್ಲಿ ಎರಡು ಸಾಲುಗಳನ್ನು ಅದಲುಬದಲು ಮಾಡಿ, ಬದಲಾವಣೆಯ ಸುಳಿವು ಕೊಡುವ ಆವೃತ್ತಿ ಸಂಖ್ಯೆಯನ್ನು ಹಾಗೇ ಬಿಟ್ಟರಾಯಿತು. ಅಡುಗೆಮನೆಯಲ್ಲಿ ಉಪ್ಪು ಸಕ್ಕರೆಯ ಡಬ್ಬಿಗಳ ಜಾಗ ಬದಲಿಸಿದ ಹಾಗೆ. ಹೊಸದಾಗಿ ಕಟ್ಟಿದ ಪ್ರೋಗ್ರಾಮುಗಳು ಹೊಸ ಜಾಗ ನೋಡಿಕೊಂಡಿರುತ್ತವೆ, ಪರೀಕ್ಷೆಗಳೆಲ್ಲ ಪಾಸಾಗುತ್ತವೆ. ಬಳಕೆದಾರರು ಬೇರೆ ಕಡೆಯಿಂದ ತಂದು ಹಾಕಿಕೊಂಡ ಹಳೆಯವು ಮಾತ್ರ ರೂಢಿಯಂತೆ ಕೈಚಾಚಿ ಚಹಾಕ್ಕೆ ಉಪ್ಪು ಹಾಕುತ್ತವೆ. ಬೈಗುಳವೆಲ್ಲ ಅವಳ ಪಾಲಿಗೆ. ಎಲ್ಲರೂ ತಲೆಯ ಮೇಲೆ ಕೈಹೊತ್ತು ಕೂತಾಗ, ಅರ್ಧ ದಿನ ಹುಡುಕಿದಂತೆ ನಟಿಸಿ ಅವನೇ ತಪ್ಪನ್ನು ಹಿಡಿದುಕೊಡುತ್ತಾನೆ. ಆಮೇಲೆ ಮುಖ್ಯಸ್ಥ ಯಾರಾಗಬೇಕು ಎಂದು ಯಾರೂ ಕೇಳುವುದಿಲ್ಲ.

ಮುಖ್ಯಸ್ಥರು ಅವಳ ಹೆಸರಲ್ಲಿ ಎಲ್ಲರಿಗೂ ಊಟ ಕೊಡಿಸಿದ ಮಧ್ಯಾಹ್ನ ಅವನು ಹಣೆ ಒತ್ತಿಕೊಂಡ. "ತಲೆ ಸಿಡೀತಿದೆ. ನೀವು ಹೊರಡಿ, ನಾನು ಬ್ಯಾಗ್ ತಗೊಂಡು ಮನೆಗೆ ಹೋಗ್ತೀನಿ."

"ಹುಷಾರು ಅಣ್ಣಾ. ಮನೆ ಮುಟ್ಟಿದ ಮೇಲೆ ಒಂದು ಫೋನ್ ಮಾಡಿ," ಎಂದಳು. ತನ್ನ ಕಂಪ್ಯೂಟರನ್ನು ಲಾಕ್ ಮಾಡದೆಯೇ ಹೋದಳು. ಅವನಿದ್ದನಲ್ಲ.

ಅವಳ ಕುರ್ಚಿಯಲ್ಲಿ ಕೂತ. ಸಾಲುಗಳನ್ನು ಅದಲುಬದಲು ಮಾಡಿದ. ಅವಳು ಸೀಟಿನಲ್ಲಿದ್ದ ಬೆಳಗಿನ ಸಮಯವನ್ನೇ ನಮೂದಿಸಿ, ಅವಳ ಹೆಸರಲ್ಲೇ ಕಟ್ಟಲು ಕಳಿಸಿದ. ಅಯ್ಯೋ ಅನ್ನಿಸುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದು ನೋಡಿದ. ಏನೂ ಅನ್ನಿಸಲಿಲ್ಲ. ಪಕ್ಕದ ಮೇಜಿನ ಮೇಲೆ ಯಾರದೋ ಅರ್ಧ ಲೋಟ ನೀರು ಸುಮ್ಮನೆ ಕೂತಿತ್ತು.

ಆಗಲೇ ಎದ್ದು ಹೋಗಬಹುದಿತ್ತು. ಆದರೆ ಪರೀಕ್ಷೆಗಳು ಮುಗಿಯುವ ಮೊದಲು ಏಳುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಅವಳಿಗೂ ಅದನ್ನೇ ಕಲಿಸಿದ್ದ. ಪರದೆಯ ಮೇಲೆ ಹಸಿರು ಗುರುತುಗಳು ಒಂದರ ಕೆಳಗೊಂದು ಬೀಳುತ್ತಾ ಹೋದವು. ಎಲ್ಲ ಮುಗಿದದ್ದೇ ಹೊಸ ಲೈಬ್ರರಿ, ಅದರ ಜೊತೆ ಕಟ್ಟಿದ ಪ್ರೋಗ್ರಾಮುಗಳ ಸಮೇತ, ವಾಡಿಕೆಯಂತೆ, ಮೊದಲು ಕಚೇರಿಯ ಯಂತ್ರಗಳಿಗೇ ಹೋಯಿತು. ಅದನ್ನೂ ಅವನು ಯೋಚಿಸಿಯೇ ಇದ್ದ. ಅಲ್ಲಿರುವುದೆಲ್ಲ ಅವರೇ ಹೊಸದಾಗಿ ಕಟ್ಟಿದ ಪ್ರೋಗ್ರಾಮುಗಳು.

ಬ್ಯಾಗನ್ನು ಹೆಗಲಿಗೇರಿಸಿ, ಹೊರಹೋಗುವ ಗಾಜಿನ ಬಾಗಿಲಿನ ಗುಂಡಿ ಒತ್ತಿದ. ಬಾಗಿಲು ತೆರೆಯಲಿಲ್ಲ. ಮತ್ತೆ ಒತ್ತಿದ. ಅಷ್ಟರಲ್ಲಿ ಊಟ ಮುಗಿಸಿದವರು ನಗುತ್ತಾ ಬಂದರು. ಅವಳು ಹೊರಗಿನಿಂದ ಕಾರ್ಡ್ ಹಿಡಿದಳು, ಕೆಂಪು ದೀಪ ಹತ್ತಿತು. "ಅಣ್ಣಾ? ಮನೆಗೆ ಹೋಗ್ಲಿಲ್ವಾ?" ಅವಳ ಹಿಂದೆ ಮುಖ್ಯಸ್ಥರು ಗಾಜಿಗೆ ಹಣೆಯೊತ್ತಿ, ಖಾಲಿ ಕೋಣೆಯಲ್ಲಿ ಅವಳ ಪರದೆಯ ತುಂಬ ಹೊಳೆಯುತ್ತಿದ್ದ ಹಸಿರು ಗುರುತುಗಳನ್ನು ನೋಡುತ್ತಿದ್ದರು, ಆಮೇಲೆ ಅವನನ್ನು ನೋಡಿದರು. ಬಾಗಿಲಿನ ಬೀಗ ನಡೆಸುವ ಪ್ರೋಗ್ರಾಮು ಬೀಗದ ಕಂಪನಿಯವರು ಕಚೇರಿಯ ಯಂತ್ರವೊಂದರಲ್ಲಿ ತಂದು ಹಾಕಿಹೋದದ್ದು, ಅದನ್ನು ಯಾರೂ ಹೊಸದಾಗಿ ಕಟ್ಟಿರಲಿಲ್ಲ.