ಎಪ್ಪತ್ತೊಂದನೇ ಸ್ಥಾನ

"ಯಾವುದರಿಂದ ಹೊಡೆದರು?"

"ಕುಕ್ಕರ್ ಮುಚ್ಚಳದಿಂದ."

ಅವಳು ತಲೆ ಎತ್ತಲಿಲ್ಲ. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಬಾಗಿಲ ಪಕ್ಕದ ಮೇಜು ಅವಳದು. ಹೊಡೆತ ತಿಂದು ಬಂದವರ ಗಾಯಗಳನ್ನು ರಿಜಿಸ್ಟರಿನಲ್ಲಿ ಬರೆಯುವುದು ಅವಳ ಕೆಲಸ. ನಾಲ್ಕು ವರ್ಷಗಳಲ್ಲಿ ಕೊಡಲಿ, ಬಾಟಲಿ, ಬೆಲ್ಟು, ಸೈಕಲ್ ಚೈನು ಎಲ್ಲವನ್ನೂ ಬರೆದಿದ್ದಳು. ಕುಕ್ಕರ್ ಮುಚ್ಚಳ ಇದೇ ಮೊದಲು.

"ರಕ್ತ ಪುಟದ ಮೇಲೆ ಬೀಳ್ತಿದೆ. ಸ್ವಲ್ಪ ಹಿಂದೆ ಸರೀರಿ."

"ಕ್ಷಮಿಸಿ... ಅದು ನನ್ನ ಮಾತು ಕೇಳ್ತಿಲ್ಲ."

ಆಗ ನೋಡಿದಳು. ಎಡಹುಬ್ಬು ಸೀಳಿತ್ತು. ಒತ್ತಿ ಹಿಡಿದ ಕರವಸ್ತ್ರ ತೊಯ್ದು ರಕ್ತ ಅಂಗಿಗೆ ಇಳಿದಿತ್ತು. ಆದರೂ ಆ ಮನುಷ್ಯ ನಗುವುದಕ್ಕೆ ಪ್ರಯತ್ನಿಸುತ್ತಿದ್ದ!

"ಕೆಲಸ?"

"ಅಮೀನ. ಕೋರ್ಟಿನ ಸಮನ್ಸನ್ನ ಮನೆಮನೆಗೆ ಮುಟ್ಟಿಸೋದು. ಪೋಸ್ಟ್‌ಮ್ಯಾನ್ ಥರಾನೇ. ಆದ್ರೆ ನಮ್ಮನ್ನ ನೋಡಿ ಯಾರೂ ಖುಷಿ ಪಡಲ್ಲ."

"ಎಲ್ಲಿ ನಡೆದದ್ದು?"

"ನೀರಿನ ಟ್ಯಾಂಕ್ ಹಿಂದೆ. ಹಸಿರು ಗೇಟು, ಮುಂದೆ ವೆಲ್ಡಿಂಗ್ ಅಂಗಡಿ. ಆ ಮನೆಯವನ ಹೆಂಡತಿ ತವರಿಗೆ ಹೋಗಿ ಕೇಸು ಹಾಕಿದ್ದಾಳೆ, ಪಕ್ಕೆಲುಬು ಮುರಿದ ಅಂತ."

ಪೆನ್ನು ನಿಂತಿತು.

ಅದು ಅವಳದೇ ಮನೆ. ಆ ಕುಕ್ಕರಿನಲ್ಲಿ ಬೆಳಿಗ್ಗೆ ಅವಳೇ ಅಡುಗೆ ಮಾಡಿಟ್ಟು ಬಂದಿದ್ದಳು.

"ಅವನು ನನ್ನ ಅಣ್ಣ," ಎಂದಳು.

ಅಮೀನನ ನಗು ಹೋಯಿತು. ಸುತ್ತ ನೋಡಿ ಧ್ವನಿ ತಗ್ಗಿಸಿದ. "ಹಾಗಿದ್ರೆ ಬೇಡ ಮೇಡಂ. ಜಾರಿ ಬಿದ್ದ ಅಂತ ಬರೀರಿ. ಸಂಜೆ ನೀವು ಆ ಮನೆಗೇ ಹೋಗ್ಬೇಕಲ್ಲ..."

"ಈ ರಿಜಿಸ್ಟರಿನಲ್ಲಿ ಜಾರಿ ಬಿದ್ದವರು ಬೇಕಾದಷ್ಟು ಜನ ಇದ್ದಾರೆ. ನಮ್ಮ ಅತ್ತಿಗೆ ಎರಡು ಸಲ ಜಾರಿ ಬಿದ್ದಿದ್ದಾರೆ. ಎರಡು ಸಲವೂ ಬರೆದವಳು ನಾನೇ."

ಅವಳು ಬರೆದಳು. ಹೊಡೆದವನ ಹೆಸರು, ಮನೆ ನಂಬರು, ಕೆಳಗೆ ತನ್ನ ಸಹಿ. ಬರೆದು ಮುಗಿಸಿ ಹೊಲಿಗೆ ಹಾಕುವ ಕೋಣೆ ತೋರಿಸಿದಳು.

*

ಎಂಟು ದಿನದ ನಂತರ ಹೊಲಿಗೆ ಬಿಚ್ಚಿಸಲು ಬಂದವನು ಎರಡು ಲೋಟ ಟೀ ಹಿಡಿದು ಬಂದ.

"ಹುಬ್ಬು ಹೇಗಿದೆ?" ಎಂದಳು.

"ಒಂದು ಕಡೆಯಿಂದ ನೋಡಿದ್ರೆ ರೌಡಿ. ಇನ್ನೊಂದು ಕಡೆಯಿಂದ ಅದೇ ಬಡಪಾಯಿ."

ಅವಳಿಗೆ ನಗು ಬಂತು. ಎಷ್ಟು ದಿನವಾಗಿತ್ತೋ!

ಮೇಜಿನ ಮೇಲೆ ಎರಡು ಪತ್ರಗಳಿದ್ದವು. ಕೆಲಸ ಮಾಡುತ್ತಲೇ ಪದವಿ ಮುಗಿಸಿ, ಪರೀಕ್ಷೆ ಬರೆದು, ಎರಡು ಲಾ ಕಾಲೇಜುಗಳಲ್ಲಿ ಸೀಟು ಗಿಟ್ಟಿಸಿದ್ದಳು. ಸೋಮವಾರದೊಳಗೆ ಒಂದಕ್ಕೆ ಹೂಂ ಅನ್ನಬೇಕಿತ್ತು. ಯಾರೊಂದಿಗೂ ಆಡದ ಮಾತನ್ನು ಅವನ ಮುಂದೆ ಆಡಿದಳು.

ಒಂದು ಕಾಲೇಜು ದೂರದ ನಗರದ್ದು. ರೈಲಿನಲ್ಲಿ ಒಂದು ದಿನದ ದಾರಿ. ದೊಡ್ಡ ಹೆಸರು, ಪೂರ್ತಿ ಫೀಸು ಮಾಫಿ. ಓದಿದವರನ್ನು ಕಂಪನಿಗಳು ಬಂದು ಕರೆದೊಯ್ಯುತ್ತವೆ. ಇನ್ನೊಂದು ಇಲ್ಲೇ, ಕೋರ್ಟಿನ ಎದುರು. ಸಣ್ಣ ಹೆಸರು, ಅರ್ಧ ಫೀಸು ಮಾಫಿ. ಎರಡನೇ ವರ್ಷದಿಂದ ವಿದ್ಯಾರ್ಥಿಗಳು ಸರ್ಕಾರಿ ವಕೀಲರ ಜೊತೆ ಕೋರ್ಟಿಗೆ ಹೋಗುತ್ತಾರೆ.

"ಓದಿ ಏನಾಗ್ಬೇಕು ನಿಮಗೆ?"

"ಸರ್ಕಾರಿ ವಕೀಲೆ. ನಾನು ಬರೆದ ಗಾಯಗಳೆಲ್ಲ ಕೋರ್ಟಿಗೆ ಹೋಗಿ ಸಾಯ್ತವೆ. ಯಾಕೆ ಅಂತ ನೋಡ್ಬೇಕು."

"ಹಾಗಾದ್ರೆ ಇಲ್ಲೇ ಓದಿ," ಎಂದುಬಿಟ್ಟ.

"ಉಳಿದ ಅರ್ಧ ಫೀಸು? ಹಾಸ್ಟೆಲ್ಲು?"

"ಆ ದೊಡ್ಡ ಕಾಲೇಜಿನ ಪತ್ರದ ನಾಲ್ಕನೇ ಪುಟ ಓದಿದಿರಾ?"

"ಓದಿದೆ. ಮೊದಲ ವರ್ಷ ಅರವತ್ತನೇ ಸ್ಥಾನದೊಳಗೆ ಬಂದ್ರೆ ಮಾತ್ರ ಮಾಫಿ ಮುಂದುವರಿಯುತ್ತೆ. ಬರ್ತೀನಿ."

"ಮಾಫಿ ಕೊಟ್ಟು ಸೇರಿಸ್ಕೊಳ್ಳೋದು ನೂರನಲವತ್ತು ಜನಾನ. ಎಲ್ಲರೂ ಹಾಗೇ ಅಂದ್ಕೊಂಡು ಬರ್ತಾರೆ."

"ನನ್ನ ಕೈಲಾಗಲ್ಲ ಅಂತೀರಾ?"

"ಅಯ್ಯೋ, ಹಾಗಲ್ಲ..."

"ಮತ್ತೆ ಹೇಗೆ?"

ಅವನು ಬಾಯಿ ತೆರೆದ. ಮುಚ್ಚಿದ. ಲೋಟದೊಳಗೆ ನೋಡುತ್ತ ಕುಳಿತ.

ಆ ಮೌನ ಅವಳನ್ನು ಕೆರಳಿಸಿತು. ಇವನೂ ಅಷ್ಟೇ! ಹೆಣ್ಣು ಊರು ಬಿಡುತ್ತಾಳೆ ಅಂದರೆ ಇವರಿಗೆಲ್ಲ ಒಂದೇ ಉರಿ.

"ಮನೇಲೊಬ್ಬ ಹೊಡೆದು ಕೂರಿಸ್ತಾನೆ. ನೀವು ಟೀ ಕೊಟ್ಟು ಕೂರಿಸ್ತೀರಿ. ವ್ಯತ್ಯಾಸ ಅಷ್ಟೇ!"

ಅಮೀನ ಎದ್ದು ಹೋದ. ಅವಳು ದೊಡ್ಡ ಕಾಲೇಜಿಗೆ ಒಪ್ಪಿಗೆ ಬರೆಯುವುದೆಂದು ಅಲ್ಲೇ ತೀರ್ಮಾನಿಸಿದಳು. ಅವನು ತಂದ ಟೀ ಮೇಜಿನ ಮೇಲೆಯೇ ಆರಿತು...

*

ಶುಕ್ರವಾರ ಅವಳಿಗೆ ರಜೆ. ಮಧ್ಯಾಹ್ನ ಒಪ್ಪಿಗೆ ಪತ್ರ ಬರೆದು ಲಕೋಟೆಗೆ ಹಾಕುತ್ತಿದ್ದಳು. ಅಣ್ಣ ಬಂದ. ಕೈಯಲ್ಲಿ ರಿಜಿಸ್ಟರಿನ ಆ ಪುಟದ ಪ್ರತಿ, ಪೊಲೀಸ್ ಠಾಣೆಯಲ್ಲಿ ಕೊಟ್ಟದ್ದು.

"ಇದು ಯಾರ ಸಹಿ, ಗುಬ್ಬಿ?"

ಅಪ್ಪ ಅಮ್ಮ ಸತ್ತ ಮೇಲೆ ಅವಳನ್ನು ಸಾಕಿದವನು ಅವನೇ. ಗುಬ್ಬಿ ಎಂದು ಹೆಸರಿಟ್ಟವನೂ ಅವನೇ.

"ನನ್ನದು," ಎಂದಳು.

ಮೊದಲ ಏಟಿಗೆ ಕಿವಿ ಕಿವುಡಾಯಿತು. ಎರಡನೆಯದಕ್ಕೆ ತುಟಿ ಒಡೆಯಿತು. ಜಡೆ ಹಿಡಿದು ಗೋಡೆಗೆ ಅಪ್ಪಳಿಸಿದ. ಅವಳು ಕೂಗಲಿಲ್ಲ. ಹಣೆಯ ಬಲಭಾಗ, ಎರಡು ಸೆಂಟಿಮೀಟರ್, ಎಂದು ಒಳಗೊಳಗೇ ಬರೆದುಕೊಳ್ಳುತ್ತಿದ್ದಳು.

"ನಿನಗೆ ಅನ್ನ ಹಾಕಿ ಓದಿಸಿದ್ದು ನನ್ನ ಮೇಲೆ ಬರೆಯೋಕಾ?"

ಮೇಜಿನ ಮೇಲಿದ್ದ ಲಕೋಟೆ ಕಂಡಿತು. ಓದಿದ. ಎರಡೂ ಕಾಲೇಜಿನ ಪತ್ರಗಳನ್ನು ಚೂರುಚೂರು ಮಾಡಿದ. ಅವಳು ಬಾಗಿಲಿನತ್ತ ಓಡಿದಳು. ಬಲಗೈ ಚೌಕಟ್ಟಿನ ಮೇಲಿತ್ತು. ಅವನು ಅದನ್ನು ನೋಡಿದ. ನೋಡಿಯೇ ಬಾಗಿಲನ್ನು ಬಡಿದ.

ಮೂಳೆ ಮುರಿದ ಸದ್ದು ಅವಳಿಗೇ ಕೇಳಿಸಿತು.

"ಈಗ ಬರಿ! ಬರಿ ನೋಡೋಣ!"

ಎಡಗೈಯಿಂದ ಬಾಗಿಲು ಎಳೆದು, ಒಂದೇ ಕಾಲಿನ ಚಪ್ಪಲಿಯಲ್ಲಿ ಹೊರಗೆ ಬಿದ್ದಳು. ಗೇಟಿನ ಬಳಿ ಅಮೀನ ನಿಂತಿದ್ದ. ಹಿಂದಿನ ಸಲ ಮುಟ್ಟಿಸಲಾಗದ ಸಮನ್ಸನ್ನು ಮತ್ತೆ ತಂದಿದ್ದ.

ಅವಳ ಮುಖ ನೋಡಿದ. ಕೈ ನೋಡಿದ. ಕಾಗದಗಳನ್ನು ನೆಲಕ್ಕೆ ಬಿಟ್ಟ. ಆ ಬಡಪಾಯಿಯ ಮುಖದಲ್ಲಿ ಕೊಲೆ ಇತ್ತು.

ಅಂಗಡಿಯಿಂದ ಕಬ್ಬಿಣದ ಸರಳು ಎತ್ತಿಕೊಂಡು ಅಣ್ಣ ಬಂದ. ಅಮೀನ ಅವನ ಕೊರಳಪಟ್ಟಿ ಹಿಡಿದು ಗೇಟಿಗೆ ಒತ್ತಿದ, ಮುಷ್ಟಿ ಎತ್ತಿದ.

"ಹೊಡೀಬೇಡಿ!" ಅವಳು ಚೀರಿದಳು. "ನೀವು ಹೊಡೆದ್ರೆ ಕೇಸು ಕೆಡುತ್ತೆ! ಅವನೂ ಹೊಡೆದ, ಇವನೂ ಹೊಡೆದ ಅಂತಾಗುತ್ತೆ!"

ಮುಷ್ಟಿ ಗಾಳಿಯಲ್ಲಿ ನಿಂತಿತು. ಅವನು ಹಿಡಿತ ಬಿಟ್ಟು, ಅವಳಿಗೂ ಅಣ್ಣನಿಗೂ ನಡುವೆ ನಿಂತ. ಸರಳು ಬೀಸಿ ಬಂತು. ಅಡ್ಡ ಕೊಟ್ಟ ಬಲಗೈ ಮೊಣಕೈ ಕೆಳಗೆ ಬಾಗಬಾರದ ಕಡೆ ಬಾಗಿತು. ಮತ್ತೊಂದು ಏಟು ಭುಜಕ್ಕೆ. ಮತ್ತೊಂದು. ಅವನು ಬಿದ್ದ. ಬಿದ್ದಮೇಲೂ ಕೈ ಎತ್ತಲಿಲ್ಲ.

ಇಷ್ಟು ವರ್ಷ ಕಿಟಕಿಯಿಂದ ನೋಡುತ್ತಿದ್ದ ಬೀದಿಯವರು ಅಂದು ಹೊರಬಂದರು. ನಾಲ್ವರು ಅಣ್ಣನನ್ನು ಕೆಡವಿ ಕುಳಿತರು. ಯಾರೋ ಪೊಲೀಸರಿಗೆ ಫೋನು ಮಾಡಿದರು.

*

ಶನಿವಾರ ಬೆಳಿಗ್ಗೆ ತುರ್ತು ವಿಭಾಗದಲ್ಲಿ ಅಕ್ಕಪಕ್ಕದ ಎರಡು ಮಂಚ. ಅವಳ ಮೇಜಿನಲ್ಲಿ ಹಿರಿಯ ನರ್ಸ್ ಕುಳಿತಿದ್ದಳು.

"ಇಬ್ಬರದ್ದೂ ಬಲಗೈ," ಎಂದು ಗೊಣಗಿದಳು. "ಜೋಡಿ ಚೆನ್ನಾಗಿದೆ."

ಅಣ್ಣ ಲಾಕಪ್ಪಿನಲ್ಲಿದ್ದ. ಅವಳು ಪೂರ್ತಿ ಹೇಳಿಕೆ ಕೊಟ್ಟಾಗಿತ್ತು. ಅಳು ಮಾತ್ರ ಬಂದಿರಲಿಲ್ಲ.

ಅಮೀನ ಚಾವಣಿ ನೋಡುತ್ತ ಹೇಳಿದ. "ನೀವು ದೂರದ ಕಾಲೇಜಿಗೇ ಹೋಗಿ. ನಾಳೆ ರೈಲು ಇದೆ. ಗೆಳೆಯನಿಗೆ ಟಿಕೆಟ್ ತರೋಕೆ ಹೇಳಿದೀನಿ."

"ಮೊನ್ನೆ ಇಲ್ಲೇ ಓದಿ ಅಂದಿರಿ!"

"ಮೊನ್ನೆ ನಿಮ್ಮ ಕೈ ನೆಟ್ಟಗಿತ್ತು. ಜಾಮೀನು ಸಿಕ್ಕಿ ಅವನು ಬಂದ್ರೆ... ಹೋಗಿಬಿಡಿ. ದಮ್ಮಯ್ಯ."

ಅವಳು ತಿರುಗಿ ನೋಡಿದಳು. ಅವತ್ತು ಇವನು ತನ್ನನ್ನು ಊರಲ್ಲೇ ಕೂರಿಸಲು ಹಾಗೆ ಹೇಳಿದ್ದಲ್ಲ. ಹಾಗಿದ್ದರೆ ಇವತ್ತು ಕಳಿಸುತ್ತಿರಲಿಲ್ಲ.

"ನೂರನಲವತ್ತು ಜನ ಅಂತ ನಿಮಗೆ ಹೇಗೆ ಗೊತ್ತಾಯ್ತು? ನನ್ನ ಪತ್ರದಲ್ಲಿ ಅದಿರಲಿಲ್ಲ."

ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿದ.

"ನಾನು ಆ ನೂರನಲವತ್ತರಲ್ಲಿ ಒಬ್ಬ. ವರ್ಷದ ಕೊನೆಗೆ ಎಪ್ಪತ್ತೊಂದನೇ ಸ್ಥಾನ. ಪಾಸಾಗಿದ್ದೆ, ಒಳ್ಳೇ ಅಂಕಾನೂ ಇತ್ತು. ಆದ್ರೆ ಎಪ್ಪತ್ತೊಂದು. ಎರಡನೇ ವರ್ಷದ ಫೀಸು ನೋಡಿ ಅಪ್ಪ ಕೈ ಚೆಲ್ಲಿದ್ರು. ಪೆಟ್ಟಿಗೆ ತಗೊಂಡು ವಾಪಸ್ ಬಂದೆ. ವಕೀಲ ಆಗ್ಬೇಕಿದ್ದವನು ಅಮೀನ ಆದೆ."

"ಅವತ್ತೇ ಹೇಳಬಹುದಿತ್ತಲ್ಲ..."

"ಸೋತವನ ಬುದ್ಧಿವಾದ ಯಾರಿಗೆ ಬೇಕು?"

ಈಗ ಅಳು ಬಂತು. ಮುರಿದ ಕೈಗೆ ಬಾರದ ಅಳು ಈ ಎಪ್ಪತ್ತೊಂದಕ್ಕೆ ಬಂತು.

ಕಣ್ಣೊರೆಸಿಕೊಂಡು ನರ್ಸಿನ ಫೋನು ಕೇಳಿದಳು. ಮೊದಲು ದೊಡ್ಡ ಕಾಲೇಜು.

"ಕಳೆದ ವರ್ಷ ಎಷ್ಟು ಜನರ ಮಾಫಿ ನಿಂತಿತು?"

"ಆ ವಿವರ ಕೊಡೋಕೆ ಬರಲ್ಲ ಮೇಡಂ."

ಇಟ್ಟಳು. ಆಮೇಲೆ ಕೋರ್ಟಿನ ಎದುರಿನ ಕಾಲೇಜು. ಪ್ರಿನ್ಸಿಪಾಲರೇ ಸಿಕ್ಕರು. ಬೇರೆ ಕಡೆ ಪೂರ್ತಿ ಮಾಫಿ ಸಿಗುತ್ತಿರುವುದನ್ನು ಹೇಳಿದಳು. ನಿನ್ನೆ ನಡೆದದ್ದನ್ನೂ ಹೇಳಿದಳು. ಆ ಕಡೆ ಪುಟ ತಿರುವಿದ ಸದ್ದು.

"ಮುಕ್ಕಾಲು ಫೀಸು ಬಿಡ್ತೀವಮ್ಮ. ಹಾಸ್ಟೆಲ್ ರೂಮು ಇವತ್ತಿಂದಲೇ. ಗೇಟಲ್ಲಿ ಕಾವಲಿದೆ. ಲೈಬ್ರರಿಯಲ್ಲಿ ದಿನಾ ಎರಡು ಗಂಟೆ ಕೆಲಸ ಮಾಡಿದ್ರೆ ಊಟದ ಖರ್ಚು ಕಳೆಯುತ್ತೆ."

"ಮೂರು ವರ್ಷಕ್ಕೂನಾ? ಸ್ಥಾನ ಇಳಿದ್ರೆ?"

"ಪಾಸಾದ್ರೆ ಸಾಕು."

"ಬರೆದು ಕೊಡ್ತೀರಾ?"

ಪ್ರಿನ್ಸಿಪಾಲರು ನಕ್ಕರು. "ಇನ್ನೂ ಸೇರೇ ಇಲ್ಲ, ಆಗಲೇ ವಾದಾನಾ! ಬಾರಮ್ಮ, ಬರೆದು ಕೊಡ್ತೀನಿ."

ಅಮೀನ ಎದ್ದು ಕುಳಿತಿದ್ದ. "ಹುಚ್ಚಾ ನಿಮಗೆ? ಅವನು ಇದೇ ಊರಲ್ಲಿ..."

"ಅತ್ತಿಗೆಯ ಕೇಸೂ ಇದೇ ಊರಲ್ಲಿದೆ. ನಾನು ಸುಳ್ಳು ಬರೆದ ಎರಡು ಗಾಯಕ್ಕೆ ನಾನೇ ಸಾಕ್ಷಿ ಹೇಳ್ಬೇಕು. ಓಡಿಹೋಗೋಕೆ ಲಾ ಓದಬೇಕಾಗಿಲ್ಲ."

ಅವನು ಮತ್ತೆ ದಿಂಬಿಗೆ ಒರಗಿದ. ಅವಳೇ ಕೇಳಿದಳು.

"ಇಲ್ಲೇ ಓದಿ ಅಂದಿರಲ್ಲ... ಅದು ಪೂರ್ತಿ ನನಗೋಸ್ಕರಾನಾ?"

"ಮುಕ್ಕಾಲು."

"ಉಳಿದ ಕಾಲು?"

ಅವನ ಕಿವಿ ಕೆಂಪಾಯಿತು. "ನಿಮ್ಮನ್ನ ದಿನಾ ನೋಡಬಹುದು ಅಂತ. ಆ ಕಾಲು ಭಾಗಕ್ಕೆ ನಾಚಿಕೆಯಾಗಿ, ಉಳಿದದ್ದನ್ನೂ ನುಂಗಿಕೊಂಡೆ."

ನರ್ಸ್ ಕೆಮ್ಮಿ, ಇಲ್ಲದ ಕೆಲಸ ನೆನಪಾದಂತೆ ಎದ್ದು ಹೋದಳು.

"ಮೂರು ವರ್ಷ ನನ್ನನ್ನ ಏನೂ ಕೇಳಬಾರದು," ಎಂದಳು ಅವಳು.

"ಕೇಳಲ್ಲ."

"ನೋಡೋಕೆ ಬರಬಹುದು."

"ದಿನಾನಾ?"

"ದಿನಾ."

ಅವಳು ಎಡಗೈ ಚಾಚಿದಳು. ಅವನು ನೋವಿಗೆ ಹಲ್ಲು ಕಚ್ಚಿ ಹೊರಳಿ, ತನ್ನ ಎಡಗೈಯಿಂದ ಅದನ್ನು ಹಿಡಿದ.

"ತುಂಬಾ ನೋಯ್ತಿದೆಯಾ?"

"ಎಲ್ಲಾ ಕಡೆ."

"ಈ ಕೈ?"

"ಇದೊಂದು ನೋಯ್ತಿಲ್ಲ..."