ಅನುಜಾ ಅಳಲಿಲ್ಲ

“ಖರೇ ಹೇಳು ಅನುಜಾ. ಕರಡಿಗಿ ಎಲ್ಲಿಟ್ಟಿ?”

ಕೇಳಿದ್ದು ಅಪ್ಪನ ತಂಗಿ ಮನಿಷಾ ಆತ್ಯಾ. ಅತ್ತು ಅತ್ತು ಅವಳ ಕಣ್ಣು ಊದಿದ್ದವು. ಅನುಜಾಳ ಕಣ್ಣು ಮಾತ್ರ ಒಣಗಿಯೇ ಇದ್ದವು. ಈಗ ಅದೇ ಫಜೀತಿಯಾಗಿತ್ತು.

ಬೆಳಗಿನ ಜಾವ ಅಪ್ಪನ ತಾಯಿ ಗುರುಶಾಂತವ್ವಜ್ಜಿ ತೀರಿಕೊಂಡಿದ್ದಳು. ಮಿರಜದ ಮನೆಯ ಪಡಸಾಲೆಯಲ್ಲಿ ಅವಳನ್ನು ಗೋಡೆಗೊರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ಕೊರಳಿನ ಬೆಳ್ಳಿ ಕರಡಿಗೆಯಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟಿದ್ದರು. ಲಿಂಗ ಅಜ್ಜಿಯ ಜೊತೆಗೇ ಮಣ್ಣಿಗೆ ಹೋಯಿತು. ಎಲ್ಲ ಮುಗಿಸಿ ಬಂದು ನೋಡಿದರೆ ಖಾಲಿ ಕರಡಿಗೆ ಮಾಯ.

“ನಾ ತಗೊಂಡಿಲ್ಲ.”

“ಅಜ್ಜಿ ಬಾಜೂಕ ನೀನ ಕುಂತಿದ್ದಿ. ಮಂದಿ ಎಲ್ಲಾ ಅಳಾಕತ್ತಿದ್ರ ನೀ ಬಿಸ್ಕೀಟ ತಿನ್ನಾಕತ್ತಿದ್ದಿ.”

“ಹಸಿವಾಗಿತ್ತು.”

“ಊರಿಗೊಂದ ದಾರಿ, ಈ ಪೋರಿಗೊಂದ ದಾರಿ,” ಅಂದಳು ಪಕ್ಕದ ಮನೆಯ ಅಜ್ಜಿ.

ಹಸಿವಿನ ಜೊತೆಗೆ ದುಃಖವೂ ಬರಬಹುದೆಂದು ಅನುಜಾ ಕಾದಿದ್ದಳು. ಬರಲಿಲ್ಲ. ಅಜ್ಜಿಯ ಮುಖ ನೋಡಿದಳು. ಫ್ಯಾನು ನೋಡಿದಳು. ಸೆಖೆಯಾಯಿತು, ಅಷ್ಟೇ. ಯಾಕೆ ಹೀಗೆಂದು ಅವಳಿಗೂ ತಿಳಿಯದು.

ಅಪ್ಪ ಬಾಗಿಲ ಬಳಿ ಕೂತಿದ್ದ. ಅವನಾದರೂ ನಂಬಲಿ ಎಂದು ಅನುಜಾ ಹೇಳಿದಳು, “ಪಪ್ಪಾ, ಬೇಕಾದ್ರ ನನ್ನ ಸ್ಕೂಲ್ ಬ್ಯಾಗ್ ಚೆಕ್ ಮಾಡ್ರಿ.”

ಬೇಡ ಅನ್ನುತ್ತಾನೆಂದುಕೊಂಡಿದ್ದಳು. ಅಪ್ಪ ಎದ್ದು ಬ್ಯಾಗು ತಂದು ನೆಲಕ್ಕೆ ಸುರಿದ. ಕಂಪಾಸ್ ಡಬ್ಬಿಯನ್ನೂ ಬಿಡಲಿಲ್ಲ.

“ಅಜ್ಜಿಗಿ ಹಚ್ಚಿದ ದೀಪದ ಮುಂದ ಅತ್ತು ಹೇಳು, ನಂಬತೇವಿ,” ಅಂದಳು ಆತ್ಯಾ.

“ಅಳು ಬರವಲ್ದು ಆತ್ಯಾ. ಸುಳ್ಳ ಅಳಬೇಕೇನ್ರಿ?”

ಅಷ್ಟರಲ್ಲಿ ಅಪ್ಪನ ಚಿಕ್ಕಪ್ಪ ಮಹಾಲಿಂಗಪ್ಪ ಕಾಕಾ ಬಂದ. ಬೆಳಿಗ್ಗೆ ಇಡೀ ಓಣಿಗೆ ಕೇಳುವಂತೆ ಅತ್ತವನು ಅವನೇ. ಜುಬ್ಬಾದ ಕಿಸೆಯಿಂದ ಕರಡಿಗೆ ತೆಗೆದು ಕೊಟ್ಟ. “ಜ್ವಾಕಿ ಇರಲಿ ಅಂತ ಇಟ್ಕೊಂಡಿದ್ದೆ. ಅಳೂ ಗದ್ದಲದಾಗ ಮರತ ಬಿಟ್ಟೆ.”

“ಇರ್ಲಿ ಬಿಡ್ರಿ ಕಾಕಾ. ದುಃಖದಾಗ ಏನ ನೆನಪಿರತೈತಿ? ಕುಂದ್ರಿ, ಚಹಾ ತರ್ತೇನಿ,” ಅಂದಳು ಆತ್ಯಾ.

ಈಗ ಯಾರಾದರೂ ತನ್ನ ಕಡೆ ನೋಡುತ್ತಾರೆಂದು ಅನುಜಾ ಕಾದಳು. ನೋಡಿದ್ದು ಅಪ್ಪ.

“ಆದ್ರೂ ನಿನಗ ಒಂದ ಹನೀನೂ ಬರಲಿಲ್ಲಲ್ಲವಾ,” ಅಂದ ಮೆಲ್ಲಗೆ.

ಅನುಜಾ ಚೆಲ್ಲಿದ್ದ ಪೆನ್ಸಿಲುಗಳನ್ನು ಆರಿಸಿ ಕಂಪಾಸಿಗೆ ತುಂಬಿದಳು. ಕರಡಿಗೆ ಸಿಕ್ಕಿತ್ತು, ಆದರೆ ಅಳದ ತಪ್ಪು ಅವಳ ಮೇಲೆ ಹಾಗೇ ಉಳಿದಿತ್ತು.

ನಾಳೆ ಆಟದಲ್ಲಿ ಬಿದ್ದು ಮೊಣಕಾಲು ತರಚಿದರೆ ಅಳು ಬಂದೇ ಬರುತ್ತದೆ. ಆಗ ಯಾರೂ ನೋಡದಂತೆ ನುಂಗಿಕೊಳ್ಳಬೇಕು, ಅಂದುಕೊಂಡಳು.